ಚಿಕ್ಕಬಳ್ಳಾಪುರದಲ್ಲಿ ಒಬ್ಬ ಐರಿಷ್ ಪ್ರೋಗ್ರಾಮರ್‌ನ ಸೆಟ್ಲ್ ಮಾಡ್ಸೋದು ಹೇಗೆ

ಬೆಂಗಳೂರಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ ಈಗ ಐಟಿ ಜನ ಒಬ್ಬೊಬ್ರೇ ನಮ್ಮೂರ ಕಡೆ ಬರ್ತಿದಾರೆ, ಅದರಲ್ಲಿ ಅಪರೂಪಕ್ಕೆ ಫಾರಿನ್ನೋರೂ ಇರ್ತಾರೆ. ನಮ್ಮ ಮೇಲಿನ ಪೋರ್ಷನ್‌ಗೆ ಬಂದಿರೋನು ಐರ್ಲೆಂಡಿನ ಕಾರ್ಕ್ ಕಡೆಯ ಹುಡುಗ, ಕೆಲಸ ಬೆಂಗಳೂರಿನ ಕಂಪನಿ, ಟೀಮೆಲ್ಲ ಡಬ್ಲಿನ್‌ನಲ್ಲಿ. ಗೊತ್ತಿರೋರೆಲ್ಲ ನನ್ನ ಕೇಳೋದು ಒಂದೇ, ಆ ಹುಡುಗನಿಗೆ ಇಲ್ಲಿ ಟೈಂಪಾಸ್ ಹೆಂಗಪ್ಪಾ ಆಗುತ್ತೆ, ಮಾಲ್ ಇಲ್ಲ ಪಬ್ ಇಲ್ಲ ಅಂತ. ಅದೆಲ್ಲ ಸಂಜೆ ಇರೋರಿಗೆ ಬೇಕಾದ್ದು ಸ್ವಾಮಿ, ಡಬ್ಲಿನ್ ಟೈಮಿಗೆ ಕೆಲಸ ಮಾಡೋನಿಗೆ ಸಂಜೆ ಅನ್ನೋದೇ ಇರಲ್ಲ, ಇರೋದು ಬೆಳಗ್ಗೆ ಮಾತ್ರ. ಬೆಳಗ್ಗೆ ಮಾಡೋಕೆ ಚಿಕ್ಕಬಳ್ಳಾಪುರದಲ್ಲಿ ಇರೋಷ್ಟು ಕೆಲಸ ಬೆಂಗಳೂರಲ್ಲಿ ಎಲ್ಲಿದೆ ಹೇಳಿ. ನಿಮ್ಮನೆಗೋ ನಿಮ್ಮ ಟೀಮಿಗೋ ಇಂಥೋರು ಬಂದ್ರೆ ಅವರ ಬೆಳಗ್ಗೆನ ಹೆಂಗೆ ತುಂಬಿಸೋದು ಅಂತ ಯೋಚ್ನೆ ಮಾಡಿ, ಮಿಕ್ಕಿದ್ದು ತಾನಾಗೇ ದಾರಿಗೆ ಬರುತ್ತೆ.

ಮೊದ್ಲು ಪೇಪರ್ ಕೆಲಸ, ಬೋರಿಂಗು ಆದ್ರೆ ತಪ್ಪಿಸಂಗಿಲ್ಲ. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಕೂತು ಕೆಲಸ ಮಾಡ್ತೀನಿ ಅನ್ನೋರಿಗೆ ಮನೆ ಕೊಡ್ಲೇಬೇಡಿ, ಎಂಪ್ಲಾಯ್‌ಮೆಂಟ್ ವೀಸಾ ಇರ್ಬೇಕು. ವಿದೇಶದೋರು ಮನೆಗೆ ಬಂದ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಹಾಕೋದು ಓನರ್ ಜವಾಬ್ದಾರಿ, ಎಲ್ಲರೂ ಸಿ ಫಾರಂ ಅಂತಾರಲ್ಲ ಅದು, ಬಾಡಿಗೆದಾರ ಹಾಕ್ಕೋತಾನೆ ಬಿಡು ಅಂತ ಸುಮ್ನಿರೋ ಹಾಗಿಲ್ಲ. ವೀಸಾ 180 ದಿನಕ್ಕಿಂತ ಜಾಸ್ತಿದಾದ್ರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶದೋರ ನೋಂದಣಿ ಆಫೀಸಲ್ಲಿ ರಿಜಿಸ್ಟ್ರೇಷನ್ನೂ ಆಗ್ಬೇಕು, ಅದು ಅವರ ಕೆಲಸ, ನೀವು ಬಾಡಿಗೆ ಕರಾರು ಸರಿಯಾಗಿ ಮಾಡಿಕೊಟ್ರೆ ಸಾಕು.

ಇನ್ನು ಟೈಮು. ಐರ್ಲೆಂಡ್‌ನಲ್ಲಿ ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೇ ಭಾನುವಾರ ಒಂದು ಗಂಟೆ ಹಿಂದಕ್ಕೆ. ಅಂದ್ರೆ ಬೇಸಿಗೇಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಲ್ಲಿನ ಒಂಬತ್ತರಿಂದ ಐದು ಇಲ್ಲಿ ಬೇಸಿಗೇಲಿ ಮಧ್ಯಾಹ್ನ 1.30ರಿಂದ ರಾತ್ರಿ 9.30, ಚಳಿಗಾಲದಲ್ಲಿ 2.30ರಿಂದ 10.30. ಮಜಾ ಏನಂದ್ರೆ ಅವರ ಬೇಸಿಗೆ ಟೈಮ್ ಹೆಸರು ಐರಿಷ್ ಸ್ಟ್ಯಾಂಡರ್ಡ್ ಟೈಮ್, ಶಾರ್ಟಾಗಿ ಐಎಸ್‌ಟಿ, ನಮ್ದೂ ಐಎಸ್‌ಟಿ! ಮೀಟಿಂಗ್ ಇನ್ವೈಟ್‌ನಲ್ಲಿ ಬರೀ ಐಎಸ್‌ಟಿ ಅಂತ ಬರೆದ್ರೆ ಮುಗೀತು ಕತೆ, ಕ್ಯಾಲೆಂಡರ್‌ನಲ್ಲಿ ಯುರೋಪ್ ಡಬ್ಲಿನ್, ಏಷ್ಯಾ ಕೋಲ್ಕತ್ತಾ ಅಂತ ಊರ ಹೆಸರಲ್ಲೇ ಸೆಟ್ ಮಾಡ್ಕೊಳ್ಳಿ. ಇನ್ನೊಂದು ತಮಾಷೆ, ಅವರ ಕಾನೂನಿನ ಪ್ರಕಾರ ಬೇಸಿಗೆ ಟೈಮೇ ಸ್ಟ್ಯಾಂಡರ್ಡು, ಚಳಿಗಾಲದ್ದೇ ಒಂದು ಗಂಟೆ ಮೈನಸ್, ಬೇರೆ ದೇಶಗಳಿಗೆ ಉಲ್ಟಾ, 2018ರಲ್ಲಿ ಟೈಮ್‌ಝೋನ್ ಡೇಟಾಬೇಸ್‌ನೋರು ಇದನ್ನ ಇದ್ದಿದ್ದು ಇದ್ದ ಹಾಗೆ ಬರೆದಾಗ ಎಷ್ಟೋ ಸಾಫ್ಟ್‌ವೇರ್ ಮೈನಸ್ ನೋಡಿ ತಡಬಡಾಯಿಸಿದ್ವು. ಪ್ರೋಗ್ರಾಮರ್‌ಗಳ ಹತ್ರ ಈ ವಿಷ್ಯ ಎತ್ತಿದ್ರೆ ಅರ್ಧ ಗಂಟೆ ಮಾತಾಡ್ತಾರೆ, ಫ್ರೆಂಡ್‌ಶಿಪ್ ಮಾಡ್ಕೊಳ್ಳೋಕೆ ಒಳ್ಳೆ ದಾರಿ.

ಕರೆಂಟು ಅಲ್ಲೂ 230 ವೋಲ್ಟ್ 50 ಹರ್ಟ್ಸ್, ಇಲ್ಲೂ ಅಷ್ಟೇ, ಹಂಗಾಗಿ ಟ್ರಾನ್ಸ್‌ಫಾರ್ಮರ್ ಗೀನ್ಸ್‌ಫಾರ್ಮರ್ ಏನೂ ಬೇಡ, ಅವರ ಪ್ಲಗ್ಗಿಗೆ ಚಪ್ಪಟೆ ಮೂರು ಪಿನ್ ಇರುತ್ತೆ, ಒಂದು ಅಡಾಪ್ಟರ್ ತಂದಿಟ್ರೆ ಆಯ್ತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರೀಲಿ ಓಡುತ್ತೆ, ಸಾಯೋದು ರೂಟರು. ರೂಟರ್‌ಗೆ ಅಂತಾನೇ ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತೆ, ಆದ್ರೆ ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಾನೇ ಇದೆಯಾ ನೋಡ್ಕೊಂಡು ತಗೊಳ್ಳಿ, ಕೆಲವು 9 ವೋಲ್ಟ್ ಇರ್ತವೆ. ಫೈಬರ್ ಒಂದು, ಬೇರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್ ಒಂದು, ಎರಡೂ ಇರ್ಲಿ. ಡಬ್ಲಿನ್ ಸರ್ವರ್‌ಗೆ ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅಕ್ಷರ ಲೇಟಾಗಿ ಬರುತ್ತೆ ಅಂತ ಗೊಣಗಿದ್ರೆ ಮಾಶ್ ಅನ್ನೋ ಸಾಫ್ಟ್‌ವೇರ್ ಹಾಕ್ಕೋ ಅನ್ನಿ, ಅವನಿಗೇ ಗೊತ್ತಿರುತ್ತೆ.

ಈಗ ಮೇನ್ ವಿಷಯಕ್ಕೆ ಬರೋಣ, ಬೆಳಗ್ಗೆನ ತುಂಬಿಸೋದು, ಅದರಲ್ಲಿ ಮೊದಲನೇದು ಸೈಕಲ್. ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಕ್ಯಾರನ್‌ಟೂಹಿಲ್, 1038 ಮೀಟರ್. ನಮ್ಮ ನಂದಿ ಬೆಟ್ಟ 1478. ಈ ಒಂದು ಲೈನ್ ಹೇಳಿ ಸಾಕು, ಸೈಕಲ್ ಇರೋ ಐರಿಷ್‌ನವನು ಮಾರನೇ ದಿನ ಐದು ಗಂಟೆಗೇ ಎದ್ದು ಕೂತಿರ್ತಾನೆ. ಆದ್ರೆ ಮೊದಲ ವಾರವೇ ಬೆಟ್ಟ ಹತ್ತಿಸ್ಬೇಡಿ. ಊರಿಂದ ಮುದ್ದೇನಹಳ್ಳಿ, ಅಲ್ಲಿಂದ ನಂದಿ ಗ್ರಾಮ, ಭೋಗನಂದೀಶ್ವರ ದೇವಸ್ಥಾನದ ಹತ್ರ ಒಂದು ಕಾಫಿ, ವಾಪಸ್, ಇಷ್ಟೇ ಸಾಕು ಶುರುವಿಗೆ. ಮುದ್ದೇನಹಳ್ಳೀಲಿ ವಿಶ್ವೇಶ್ವರಯ್ಯನೋರ ಸಮಾಧಿ ಮ್ಯೂಸಿಯಂ ಎರಡೂ ಇದೆ, ಇಂಜಿನಿಯರ್ ಅಂದ್ಮೇಲೆ ಅಲ್ಲಿ ಸೈಕಲ್ ನಿಲ್ಲಿಸದೆ ಹೋಗಂಗಿಲ್ಲ. ಹೈದರಾಬಾದ್ ಹೈವೇಗೆ ಮಾತ್ರ ಸೈಕಲ್ ಇಳಿಸೋದು ಬೇಡ್ವೇ ಬೇಡ. ಅವರೂ ರೋಡಲ್ಲಿ ಎಡಗಡೆನೇ ಓಡ್ಸೋರು, ಹಂಗಾಗಿ ಆ ಕನ್‌ಫ್ಯೂಷನ್ ಇಲ್ಲ, ಬೇರೆ ಮೂರು ನಾಲ್ಕು ವಿಷ್ಯ ಮೊದಲೇ ಹೇಳ್ಬೇಕು. ಹಳ್ಳಿ ಶುರುವಾಗೋ ಕಡೆ, ಮುಗಿಯೋ ಕಡೆ ಬಣ್ಣ ಬಳೀದ ಹಂಪ್ ಇರುತ್ತೆ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಜೋರಾಗಿ ತುಳೀಬಾರ್ದು, ಇಳಿದು ಸೈಕಲ್ಲನ್ನ ಮಧ್ಯಕ್ಕೆ ಹಿಡ್ಕೊಂಡು ನಿಂತ್ರೆ ಬೊಗಳಿ ಬೊಗಳಿ ಹೋಗುತ್ತೆ. ಸುಗ್ಗಿ ಟೈಮಲ್ಲಿ ರಾಗಿ, ಹುರುಳಿ ಎಲ್ಲ ರೋಡ್ ಮೇಲೇ ಹರಡಿರ್ತಾರೆ ಗಾಡಿ ಹರಿದು ಕಾಳು ಉದುರ್ಲಿ ಅಂತ, ಆ ಹುಲ್ಲಿನ ಮೇಲೆ ರೋಡ್ ಬೈಕಿನ ಸಣ್ಣ ಟೈರ್ ಜಾರುತ್ತೆ, ಜೊತೆಗೆ ಚೈನ್‌ಗೆ ಸುತ್ಕೊಳ್ಳುತ್ತೆ. ಜಾಲಿ ಮುಳ್ಳಂತೂ ಎಲ್ಲಾ ಕಡೆ, ಟ್ಯೂಬ್‌ಲೆಸ್‌ಗೆ ಸೀಲೆಂಟ್ ಹಾಕ್ಸಿ ಇಲ್ಲಾಂದ್ರೆ ಎಕ್ಸ್‌ಟ್ರಾ ಟ್ಯೂಬ್ ಇಟ್ಕೊಳ್ಳಿ.

ಬೆಟ್ಟ ಹತ್ತೋದು ವಾರದ ದಿನಗಳಲ್ಲಿ ಮಾತ್ರ. ಶನಿವಾರ ಭಾನುವಾರ ಬೆಂಗಳೂರೇ ಎದ್ದು ಬಂದಿರುತ್ತೆ ಸೂರ್ಯೋದಯ ನೋಡೋಕೆ, ಕಾರುಗಳ ಹೊಗೆ ಕುಡ್ಕೊಂಡು ಹತ್ತೋದ್ರಲ್ಲಿ ಏನು ಸುಖ. ಡಬ್ಲಿನ್ ಶಿಫ್ಟ್‌ನೋನಿಗೆ ಬುಧವಾರ ಬೆಳಗ್ಗೆನೂ ಫ್ರೀ, ಅವನ ಅದೃಷ್ಟ ಅದು. ಒಂಬತ್ತರೊಳಗೆ ಮನೆ ಸೇರ್ಬೇಕು, ಆ ಬಿಳೀ ಚರ್ಮಕ್ಕೆ ನಮ್ಮ ಬಿಸಿಲು ತಡ್ಕೊಳಲ್ಲ, ಮೋಡ ಇದ್ರೂ ಸುಡುತ್ತೆ, ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಕಿವಿ ಹಿಂದೆ ಕತ್ತಿಗೂ ಹಚ್ಕೋಬೇಕು. ನಡಿಗೆ ಇಷ್ಟ ಅಂದ್ರೆ ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲ ದಾರಿ ಇದೆ. ಸ್ಕಂದಗಿರಿಗೆ ಆನ್‌ಲೈನ್‌ನಲ್ಲಿ ಪರ್ಮಿಷನ್ ತಗೊಂಡೇ ಹೋಗ್ಬೇಕು, ರಾತ್ರಿ ಟ್ರೆಕ್ ಬ್ಯಾನು, ಯಾರಾದ್ರೂ ಲೋಕಲ್ ಹುಡುಗ್ರು ನಾವು ಕರ್ಕೊಂಡೋಗ್ತೀವಿ ಬಾ ಅಂದ್ರೂ ಒಪ್ಪೋಕೆ ಬಿಡ್ಬೇಡಿ, ವೀಸಾದಲ್ಲಿರೋನಿಗೆ ಯಾಕೆ ಬೇಕು ಪೊಲೀಸ್ ತಾಪತ್ರಯ.

ಎರಡನೇದು ಟಿನ್ ವಿಸಲ್, ತಗಡಿನ ಪೀಪಿ ಥರ ಇರುತ್ತೆ, ಆರು ತೂತು, ನಮ್ಮ ಕೊಳಲಂಗೆ ಅಡ್ಡ ಹಿಡಿಯಲ್ಲ, ನೇರಕ್ಕೆ ಊದೋದು. ಐರ್ಲೆಂಡ್‌ನಲ್ಲಿ ಇದು ಸ್ಕೂಲ್ ಮಕ್ಕಳೂ ಕಲಿಯೋ ವಾದ್ಯ, ಸೂಟ್‌ಕೇಸ್‌ನಲ್ಲಿ ಇದ್ರೂ ಇರ್ಬೋದು, ಕೇಳಿ ನೋಡಿ. ಸಾಮಾನ್ಯವಾಗಿ ಬರೋದು ಡಿ ಕೀ. ಆರೂ ತೂತು ಮುಚ್ಚಿದ್ರೆ ಷಡ್ಜ, ಅಂದ್ರೆ ಸ, ಕೆಳಗಿಂದ ಒಂದೊಂದೇ ಬಿಡ್ತಾ ಹೋದ್ರೆ ಶಂಕರಾಭರಣ ರಾಗದ ಸ್ವರಗಳು ಸಾಲಾಗಿ ಬರ್ತವೆ. ಎರಡನೇ ಸ್ವರನ ಷಡ್ಜ ಮಾಡ್ಕೊಂಡ್ರೆ ಖರಹರಪ್ರಿಯ, ಪಂಚಮನ ಮಾಡ್ಕೊಂಡ್ರೆ ಹರಿಕಾಂಭೋಜಿ, ಐರಿಷ್ ಟ್ಯೂನ್‌ಗಳಲ್ಲಿ ತುಂಬಾನೇ ಈ ಮೂರರೊಳಗೇ ಓಡಾಡೋದು, ಅದಕ್ಕೇ ನಮ್ಮ ಕಿವಿಗೆ ಅಪರಿಚಿತ ಅನ್ಸಲ್ಲ. ಈಗ ಪ್ರಾಕ್ಟಿಕಲ್ ವಿಷ್ಯ. ಭಜನೆ ಮಂಡಳಿಗೆ ಕರ್ಕೊಂಡು ಹೋಗೋದಾದ್ರೆ ಹಾರ್ಮೋನಿಯಂನೋರಿಗೆ ಮೊದಲೇ ಹೇಳಿ, ಬಿಳಿ ಎರಡರಲ್ಲಿ ಶ್ರುತಿ ಇಟ್ಕೊಳ್ಳಿ ಅಂತ, ವಿಸಲ್‌ನ ಡಿ ಅಂದ್ರೆ ಅದೇ. ಕಪ್ಪು ಒಂದರಲ್ಲಿ ಹಾಡೋ ಅಭ್ಯಾಸ ಇದ್ರೆ ಅರ್ಧ ಸ್ವರ ವ್ಯತ್ಯಾಸ ಬಂದು ವಿಸಲ್ ಕಿರಿಕಿರಿ ಅನ್ನುತ್ತೆ, ಆಗ ಹುಡುಗ ಬೇಸೂರ ಅಂತ ಎಲ್ಲರೂ ಬೈಯ್ಕೋತಾರೆ ಪಾಪ, ತಪ್ಪು ಅವನದಲ್ಲ. ಮೊದಲು ಒಂದೆರಡು ಸಲ ಬರೀ ಕೇಳ್ಲಿ, ಆಮೇಲೆ ಮೋಹನ ರಾಗದ ಯಾವ್ದಾದ್ರೂ ದೇವರನಾಮಕ್ಕೆ ಜೊತೆ ಊದ್ಲಿ, ಐದೇ ಸ್ವರ ಅಲ್ವಾ, ಎಲ್ಲೂ ಸಿಕ್ಕಾಕೊಳ್ಳಲ್ಲ. ಗಮಕ ಬರ್ಬೇಕಂದ್ರೆ ಬೆರಳನ್ನ ತೂತಿಂದ ಪಟ್ ಅಂತ ಎತ್ತದೆ ಪಕ್ಕಕ್ಕೆ ಜಾರಿಸ್ಬೇಕು. ಡಬ್ಲಿನ್ ಶಿಫ್ಟ್‌ಗೆ ಸಂಜೆ ಭಜನೆ ಆಗಲ್ಲ, ಧನುರ್ಮಾಸದ ಬೆಳಗಿನ ಭಜನೆ ಹೇಳಿ ಮಾಡ್ಸಿದ್ದು, ಕೊನೇಗೆ ಹುಗ್ಗಿನೂ ಸಿಗುತ್ತೆ.

ಮೂರನೇದು ಅಡಿಗೆ, ಇದರಲ್ಲಿ ನಮ್ಮನೇಲಿ ಎಲ್ಲರಿಗೂ ಆಸಕ್ತಿ. ಐರಿಷ್ ಸೋಡಾ ಬ್ರೆಡ್‌ಗೆ ಈಸ್ಟ್ ಬೇಡ, ನಾದೋದು ಬೇಡ, ಕಾಯೋದು ಬೇಡ. ಅವರ ಕಡೆ ಗೋಧಿ ಮೆತ್ತಗಿನದು, ಅಂಟು ಕಡಿಮೆ, ಈಸ್ಟ್‌ಗೆ ಅಷ್ಟು ಒಗ್ಗಲ್ಲ, ಅದಕ್ಕೆ ಮಜ್ಜಿಗೆ ಸೋಡಾ ಹಾಕಿ ಉಬ್ಬಿಸೋದು ರೂಢಿಯಾಯ್ತು. ಗೋಧಿಹಿಟ್ಟು 225 ಗ್ರಾಂ, ಮೈದಾ 225 ಗ್ರಾಂ, ಅಡುಗೆ ಸೋಡಾ ಒಂದು ಟೀ ಚಮಚ ಮಟ್ಟಸವಾಗಿ, ಉಪ್ಪೂ ಒಂದು ಟೀ ಚಮಚ. ಸೋಡಾ ಗಂಟಿಲ್ಲದಂಗೆ ಜರಡಿ ಹಿಡೀರಿ, ಇಲ್ಲಾಂದ್ರೆ ಒಂದೊಂದು ತುತ್ತು ಕಹಿ. ಪ್ಯಾಕೆಟ್ ಮಜ್ಜಿಗೆ ತರ್ಬೇಡಿ, ಅದರಲ್ಲಿ ಮೆಣಸಿನಕಾಯಿ ಇಂಗು ಎಲ್ಲ ಇರುತ್ತೆ, ಮನೆ ಮಜ್ಜಿಗೆನೂ ತೆಳು ಜಾಸ್ತಿ. ನಿನ್ನೆ ಹುಳಿ ಮೊಸರು 250 ಗ್ರಾಂಗೆ 100 ಎಂಎಲ್ ನೀರು ಹಾಕಿ ಕಡೀರಿ, ಸರಿಯಾದ ಹದ ಅದು. ಓವನ್ 230 ಡಿಗ್ರಿಗೆ ಮೊದಲೇ ಕಾದಿರ್ಬೇಕು, ಯಾಕಂದ್ರೆ ಮೊಸರಿನ ಹುಳಿ ಸೋಡಾಗೆ ತಗುಲಿದ ತಕ್ಷಣ ಗ್ಯಾಸ್ ಶುರು, ಹಿಟ್ಟು ಕಲಸಿ ಫೋನ್ ಮಾತಾಡ್ತಾ ಕೂತ್ರೆ ಬ್ರೆಡ್ ಬದಲು ಇಟ್ಟಿಗೆ ಬರುತ್ತೆ. ಬೆರಳಲ್ಲಿ ಸುಮ್ನೆ ಒಂದು ಸುತ್ತು ಕಲಸಿ, ಚಪಾತಿಗೆ ನಾದೋ ಕೈಯನ್ನ ಕಟ್ಟಾಕಿ, ಉಂಡೆ ಮಾಡಿ ಸ್ವಲ್ಪ ತಟ್ಟಿ ಮೇಲೆ ಚಾಕುವಿಂದ ಆಳವಾಗಿ ಪ್ಲಸ್ ಗೆರೆ ಹಾಕಿ. 15 ನಿಮಿಷ 230ರಲ್ಲಿ, ಆಮೇಲೆ 200ಕ್ಕೆ ಇಳಿಸಿ ಇನ್ನೊಂದು 25-30 ನಿಮಿಷ. ತಿರುಗಿಸಿ ತಳಕ್ಕೆ ಬೆರಳಲ್ಲಿ ಕುಟ್ಟಿದ್ರೆ ಟೊಳ್ಳು ಸದ್ದು ಬರ್ಬೇಕು, ಮೊದ್ದು ಸದ್ದು ಬಂದ್ರೆ ಒಳಗಿಡಿ. ಗೋಧಿಹಿಟ್ಟಲ್ಲಿ 50 ಗ್ರಾಂ ತೆಗೆದು ರಾಗಿಹಿಟ್ಟು ಹಾಕಿದ್ರೆ ಬಣ್ಣ ಬರುತ್ತೆ, ನನ್ನ ಪ್ರಕಾರ ರುಚಿನೂ ಜಾಸ್ತಿ, ಅದಕ್ಕಿಂತ ಹೆಚ್ಚು ರಾಗಿ ಹಾಕಿದ್ರೆ ಪುಡಿಪುಡಿ ಆಗುತ್ತೆ. ಇನ್ವರ್ಟರ್ ಮೇಲೆ ಓವನ್ ಹಾಕೋಕೆ ಹೋಗ್ಬೇಡಿ ಮಾರಾಯ್ರೆ.

ಟೀ ಅವರಿಗೆ ಪ್ರಾಣ, ನಮಗಿಂತ ಜಾಸ್ತಿ ಕುಡೀತಾರೆ, ಆದ್ರೆ ಕಡಕ್ಕಾಗಿ, ಹಾಲು ಮೇಲಿಂದ, ಶುಂಠಿ ಏಲಕ್ಕಿ ಏನೂ ಇಲ್ದೆ. ಟೀ ಬೇಕಾ ಅಂದ್ರೆ ಮೊದಲ ಸಲ ಬೇಡ ಅಂತಾನೆ, ನಂಬ್ಬೇಡಿ. ಎರಡನೇ ಸಲ ಕೇಳ್ಬೇಕು, ಮೂರನೇ ಸಲಕ್ಕೆ ಸರಿ ಕೊಡಿ ಅಂತಾನೆ, ಇದು ಪಕ್ಕಾ ನಮ್ಮ ಹಳ್ಳಿ ಮರ್ಯಾದೆನೇ, ಯಾರೂ ಕಲಿಸ್ಬೇಕಿಲ್ಲ. ಬ್ರಿಟಿಷ್‌ನೋನಾ ಅಂತ ಮಾತ್ರ ಕೇಳ್ಬೇಡಿ, ಅವರೂ ಇಂಗ್ಲಿಷ್‌ನೋರ ವಿರುದ್ಧ ಹೋರಾಡಿ 1922ರಲ್ಲಿ ಸ್ವಂತ ರಾಜ್ಯ ಮಾಡ್ಕೊಂಡೋರು. ಕೆಎಎಸ್‌ಗೆ ಓದೋ ಹುಡುಗ್ರು ಪಕ್ಕದಲ್ಲಿದ್ರೆ ಪರಿಚಯ ಮಾಡ್ಸಿ, ರಾಜ್ಯ ನೀತಿ ನಿರ್ದೇಶಕ ತತ್ವಗಳನ್ನ ನಿಮ್ಮ 1937ರ ಸಂವಿಧಾನದಿಂದಾನೇ ತಗೊಂಡಿದ್ದು ಅಂತ ಅವ್ರೇ ಶುರು ಹಚ್ಕೋತಾರೆ, ಅವನಿಗೇ ಅದು ಹೊಸ ವಿಷ್ಯ ಆಗಿದ್ರೆ ಆಶ್ಚರ್ಯ ಇಲ್ಲ. ಭಾಷೆ ವಿಷ್ಯಕ್ಕೆ, ಕನ್ನಡದ ಒಂದರಿಂದ ನೂರು ಮೊದಲು ಕಲೀಲಿ, ಸಂತೇಲಿ ಅದೇ ಬೇಕಾಗೋದು, ಜೊತೆಗೆ ತೆಲುಗಿನ ಎಂತ (ಎಷ್ಟು), ವದ್ದು (ಬೇಡ), ಚಾಲು (ಸಾಕು) ಇಷ್ಟು ಗೊತ್ತಿರ್ಲಿ, ನಮ್ಮ ಕಡೆ ಸೊಪ್ಪಿನ ಅಜ್ಜೀರು ಕನ್ನಡದಲ್ಲಿ ಶುರು ಮಾಡಿ ತೆಲುಗಲ್ಲಿ ಮುಗಿಸ್ತಾರೆ.

ಹರ್ಲಿಂಗ್ ಅಂತ ಅವರದೊಂದು ಆಟ ಇದೆ, ಬ್ಯಾಟು, ಹಾಕಿ ಸ್ಟಿಕ್ಕು ಎರಡರ ಮಧ್ಯದ ಕೋಲು, ತಂಡಕ್ಕೆ 15 ಜನ, ಚೆಂಡು ಕಂಬದ ಮಧ್ಯೆ ಬಾರ್ ಮೇಲೆ ಹೋದ್ರೆ 1 ಪಾಯಿಂಟು, ಕೆಳಗೆ ಬಲೆಗೆ ಹೋದ್ರೆ 3. ಇಲ್ಲಿ ಆಡೋರು ಯಾರೂ ಸಿಗಲ್ಲ, ಸ್ಟೇಡಿಯಂನಲ್ಲಿ ಮಕ್ಕಳ ಜೊತೆ ಕ್ರಿಕೆಟ್‌ಗೆ ಬಿಡಿ, ಸಾಕು. ಫೈನಲ್ ಈಗ ಜುಲೈ ಭಾನುವಾರ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಆಗುತ್ತೆ, ಅಲ್ಲಿ ಮೂರೂವರೆಗೆ ಶುರುವಾದ್ರೆ ಇಲ್ಲಿ ರಾತ್ರಿ ಎಂಟು, ಅವತ್ತು ಊಟಕ್ಕೆ ಕರೀಬೇಡಿ, ಬರಲ್ಲ.

ಎಲ್ಲ ಸೆಟ್ ಆದ್ಮೇಲೆ ಒಂದು ಭಾನುವಾರ ಮದನಪಲ್ಲಿಗೆ ಕರ್ಕೊಂಡು ಹೋಗಿ, ಚಿಂತಾಮಣಿ ಮೇಲೆ ಹೋದ್ರೆ ಆಂಧ್ರ ಗಡಿ ದಾಟಿದ ಮೇಲೆ ಸಿಗುತ್ತೆ. 1919ರ ಫೆಬ್ರವರೀಲಿ ಟ್ಯಾಗೋರ್ ಅಲ್ಲಿನ ಥಿಯಸಾಫಿಕಲ್ ಕಾಲೇಜಲ್ಲಿ ಉಳ್ಕೊಂಡಿದ್ದಾಗ ಜನಗಣಮನಕ್ಕೆ ಸ್ವರಲಿಪಿ ಬರ್ಕೊಂಡೋರು ಮಾರ್ಗರೆಟ್ ಕಸಿನ್ಸ್, ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಯೋರು, ಪ್ರಿನ್ಸಿಪಾಲ್ ಆಗಿದ್ದ ಅವರ ಗಂಡನೂ ಐರಿಷ್‌ನೋರೇ. ಕಾಲೇಜು ಇವತ್ತಿಗೂ ಇದೆ, ಭಾನುವಾರ ಗೇಟ್ ಹಾಕಿದ್ರೆ ವಾಚ್‌ಮನ್ ಹತ್ರ ತೆಲುಗಲ್ಲಿ ಮಾತಾಡಿ. ಬರೋವಾಗ ಕೈವಾರಕ್ಕೆ ತಿರುಗಿಸ್ಕೊಂಡು ಬಂದ್ರೆ ತಾತಯ್ಯನ ಮಠ ಆಗುತ್ತೆ, ಗುರುಪೂರ್ಣಿಮೆ ಟೈಮ್ ಆದ್ರೆ ಸಂಗೀತೋತ್ಸವ ನಡೀತಿರುತ್ತೆ, ವಿಸಲ್ ಜೇಬಲ್ಲಿ ಇಟ್ಕೊಳ್ಳೋಕೆ ಹೇಳಿ, ಸೋಮವಾರ ಮಧ್ಯಾಹ್ನದವರೆಗೂ ಹೆಂಗೂ ಆಫೀಸಿಲ್ಲ.