ಕಾಗದದ ಮೇಲೊಂದು ಲೈಟ್ ಕ್ರೂಸರ್: ವೇಗ, ಕವಚ, ಖರ್ಚು ಹೊಂದಿಸುವುದು ಹೇಗೆ?

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೇ ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ತೂಕ 7.85 ಕಿಲೊ. ಈ ಅಂಕಿಯನ್ನು ಹಾಳೆಯ ಮೇಲ್ಗಡೆ ಬರೆದಿಟ್ಟುಕೊಳ್ಳಿ. ಜೊತೆಗೆ ಚೌಕುಳಿ ಹಾಳೆ, ಪೆನ್ಸಿಲ್, ಕ್ಯಾಲ್ಕುಲೇಟರ್ ಇದ್ದರೆ ಸಾಕು. ಕಥೆಗೋ, ಬೋರ್ಡ್ ಗೇಮಿಗೋ, ಮಾದರಿ ಹಡಗಿಗೋ, ನಂಬುವಂಥ ಒಂದು ಯುದ್ಧನೌಕೆಯನ್ನು ಒಂದು ಸಂಜೆಯಲ್ಲಿ ಕಟ್ಟಬಹುದು.

ಕಾಲ 1930ರ ದಶಕ ಅಂದುಕೊಳ್ಳೋಣ. ಕ್ರೂಸರ್ ಎಂದರೆ ದೊಡ್ಡ ಬ್ಯಾಟಲ್‌ಶಿಪ್‌ಗಿಂತ ಚಿಕ್ಕದಾದ, ವೇಗದ ಯುದ್ಧನೌಕೆ. ಲೈಟ್ ಕ್ರೂಸರ್ ಎಂಬ ಹೆಸರಿಗೆ ಒಪ್ಪಂದದ ಅರ್ಥ ಬಂದದ್ದೇ ಆಗ. ದೊಡ್ಡ ದೇಶಗಳ ನೌಕಾಬಲಕ್ಕೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದ ಒಂದು ಕ್ರೂಸರ್ 10,000 ಟನ್ ಮೀರಬಾರದು, ತೋಪಿನ ಬಾಯಿ 8 ಇಂಚು ಮೀರಬಾರದು ಎಂದಿತು. 1930ರ ಲಂಡನ್ ಒಪ್ಪಂದ ಇನ್ನೊಂದು ಗೆರೆ ಎಳೆಯಿತು. 6.1 ಇಂಚು ಅಥವಾ ಅದಕ್ಕಿಂತ ಸಣ್ಣ ತೋಪಿದ್ದರೆ ಲೈಟ್, ದೊಡ್ಡದಿದ್ದರೆ ಹೆವಿ. ಅಂದರೆ ಲೈಟ್ ಎನ್ನುವುದು ತೋಪಿನ ಮಾತು, ಹಡಗಿನ ತೂಕದ ಮಾತಲ್ಲ. ಅಮೆರಿಕದ ಬ್ರೂಕ್ಲಿನ್ ವರ್ಗ ಹದಿನೈದು 6 ಇಂಚಿನ ತೋಪು ಹೊತ್ತು 10,000 ಟನ್ನಿನ ಹತ್ತಿರ ತೂಗುತ್ತಿತ್ತು. ಆದರೂ ಅದು ಲೈಟ್ ಕ್ರೂಸರೇ.

ಹೆಜ್ಜೆ 1: ಎದುರಾಳಿ ಯಾರು?

ಹೆಚ್ಚಿನವರು ವೇಗದಿಂದ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಎರಡು ಪ್ರಶ್ನೆ ಕೇಳಿ. ನಮ್ಮ ಹಡಗು ಯಾರನ್ನು ಅಟ್ಟಿಸಿಕೊಂಡು ಹೋಗಬೇಕು? ಯಾರಿಂದ ತಪ್ಪಿಸಿಕೊಳ್ಳಬೇಕು? ವೇಗಕ್ಕೆ ಅರ್ಥ ಬರುವುದು ಎದುರಿನವನ ವೇಗದ ಪಕ್ಕದಲ್ಲಿ ಇಟ್ಟಾಗ ಮಾತ್ರ.

1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದ ಬಳಿ ಜರ್ಮನಿಯ ಗ್ರಾಫ್ ಶ್ಪೀ ಹಡಗಿಗೆ ಬ್ರಿಟನ್ ಕಡೆಯ ಮೂರು ಕ್ರೂಸರ್‌ಗಳು ಎದುರಾದವು. ಹೆವಿ ಕ್ರೂಸರ್ ಎಕ್ಸೆಟರ್, ಲೈಟ್ ಕ್ರೂಸರ್‌ಗಳಾದ ಅಜಾಕ್ಸ್ ಮತ್ತು ಅಕಿಲೀಸ್. ಗ್ರಾಫ್ ಶ್ಪೀಯ ತೋಪು 11 ಇಂಚಿನವು, ಅಜಾಕ್ಸ್ ಅಕಿಲೀಸ್‌ಗಳದ್ದು 6 ಇಂಚಿನವು. ಆದರೆ ವೇಗದಲ್ಲಿ ಈ ಚಿಕ್ಕವೇ ಮುಂದಿದ್ದವು. ಎಕ್ಸೆಟರ್ ಪೆಟ್ಟು ತಿಂದು ಹಿಂದೆ ಸರಿದ ಮೇಲೂ ಇವೆರಡು ಬೆನ್ನು ಬಿಡದೆ ಮಾಂಟೆವಿಡಿಯೊ ಬಂದರಿನ ತನಕ ಹಿಂಬಾಲಿಸಿದವು. ಅದಕ್ಕೆ 40 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೊಮೀಟರ್) ಬೇಕಾಗಿರಲಿಲ್ಲ. ಅವುಗಳಿಗಿದ್ದ 32 ಚಿಲ್ಲರೆ ನಾಟ್ ಧಾರಾಳವಾಯಿತು.

ನಮ್ಮ ಕಾಲ್ಪನಿಕ ದೇಶಕ್ಕೆ ಉದ್ದನೆಯ ವ್ಯಾಪಾರ ಮಾರ್ಗ ಕಾಯುವ ಕೆಲಸ ಕೊಡೋಣ. ಎದುರಾಳಿಯ ಕ್ರೂಸರ್‌ಗಳ ವೇಗ 32 ನಾಟ್ ಆಸುಪಾಸು. ಹಾಗಾಗಿ ನಮಗೆ 33 ನಾಟ್, ಅಂದರೆ ಗಂಟೆಗೆ ಸುಮಾರು 61 ಕಿಲೊಮೀಟರ್. ಎಂಟು 6 ಇಂಚಿನ ತೋಪುಗಳು.

ಹೆಜ್ಜೆ 2: ತೂಕದ ಪಾಲು

ಹಡಗಿನ ಒಟ್ಟು ತೂಕ 7,000 ಟನ್ ಎಂದು ಗಟ್ಟಿ ಮಾಡಿಕೊಳ್ಳಿ. ಇದು ಒಪ್ಪಂದಗಳು ಬಳಸುತ್ತಿದ್ದ ಸ್ಟ್ಯಾಂಡರ್ಡ್ ತೂಕ, ಇದರಲ್ಲಿ ಇಂಧನ ಸೇರುವುದಿಲ್ಲ. ಇನ್ನು ಮೇಲೆ ಇದು ಸಂಬಳ ಇದ್ದ ಹಾಗೆ. ಒಂದು ಕಡೆ ಜಾಸ್ತಿ ಖರ್ಚಾದರೆ ಇನ್ನೊಂದು ಕಡೆ ಕಡಿಮೆ ಮಾಡಲೇಬೇಕು.

ನಾನು ಹೀಗೆ ಹಂಚುತ್ತೇನೆ: ಹಡಗಿನ ಒಡಲು 3,200 ಟನ್, ಯಂತ್ರ 1,500, ಕವಚ 900, ತೋಪು ಮತ್ತು ಮದ್ದುಗುಂಡು 750, ಜನ ಮತ್ತು ಸಾಮಾನು 450. ಒಟ್ಟು 6,800. ಉಳಿದ 200 ಟನ್ ಕೈಗಾವಲು, ಅಂದರೆ ಮುಂದಿನ ಅಗತ್ಯಕ್ಕೆ ತೆಗೆದಿಟ್ಟ ತೂಕ. ಆ 200ರ ಮೇಲೆ ಸದ್ಯಕ್ಕೆ ಕಣ್ಣು ಹಾಕಬೇಡಿ.

ಈ ಅಂಕಿಗಳು ನನ್ನ ಊಹೆ, ಆದರೆ ಆ ಕಾಲದ ಬ್ರಿಟಿಷ್ ಲಿಯಾಂಡರ್ ವರ್ಗವನ್ನು ನೋಡಿಕೊಂಡು ಮಾಡಿದ ಊಹೆ. ಅದೂ ಸುಮಾರು 7,000 ಟನ್, ಎಂಟು ತೋಪು, 72,000 ಅಶ್ವಶಕ್ತಿ, 32.5 ನಾಟ್. ನಿಜವಾದ ಹಡಗೊಂದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಲೆಕ್ಕ ದಾರಿ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 3: ವೇಗಕ್ಕೆ ಎಷ್ಟು ಶಕ್ತಿ?

ಇದಕ್ಕೆ ಹಳೆಯ ಅಡ್ಮಿರಾಲ್ಟಿ (ಬ್ರಿಟಿಷ್ ನೌಕಾ ಇಲಾಖೆ) ಸೂತ್ರ ಇದೆ. ಹಡಗು ಓಡುವಾಗ ಇಂಧನ ತುಂಬಿರುತ್ತದೆ, ಅಲ್ವಾ? ಹಾಗಾಗಿ ಇಲ್ಲಿ 8,500 ಟನ್ ಹಿಡಿಯಿರಿ. ಅದರ ಘನಮೂಲ ಸುಮಾರು 20.4, ಅದರ ವರ್ಗ 416. ವೇಗವನ್ನು ಅದೇ ವೇಗದಿಂದ ಎರಡು ಸಲ ಗುಣಿಸಿ. ಬಂದದ್ದನ್ನು 416ರಿಂದ ಗುಣಿಸಿ 200ರಿಂದ ಭಾಗಿಸಿ. ಆ ಕಾಲದ ಕ್ರೂಸರ್‌ಗಳಿಗೆ 200 ಸುಮಾರಾಗಿ ಹೊಂದುತ್ತದೆ.

30 ನಾಟಿಗೆ 56,000 ಅಶ್ವಶಕ್ತಿ ಬರುತ್ತದೆ. 33ಕ್ಕೆ 75,000. 36ಕ್ಕೆ 97,000. ಮೂರು ಅಂಕಿಗಳನ್ನೂ ಇನ್ನೊಮ್ಮೆ ನೋಡಿ. 30ರಿಂದ 36ಕ್ಕೆ ವೇಗ ಏರಿದ್ದು ನೂರಕ್ಕೆ ಇಪ್ಪತ್ತು. ಶಕ್ತಿ ಏರಿದ್ದು ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ. ನಿಜವಾದ ನೀರಿನಲ್ಲಿ ಇದು ಇನ್ನೂ ಕೆಡುತ್ತದೆ. ವೇಗ ಹೆಚ್ಚಿದಂತೆ ಹಡಗು ತಾನೇ ಎಬ್ಬಿಸುವ ಅಲೆಯ ಜೊತೆ ಗುದ್ದಾಡಬೇಕಾಗುತ್ತದೆ.

ಒಂದು ಟನ್ ಯಂತ್ರದಿಂದ 50 ಅಶ್ವಶಕ್ತಿ ಎಂದು ಹಿಡಿದರೆ 33 ನಾಟಿಗೆ 1,500 ಟನ್ ಬಾಯ್ಲರ್, ಟರ್ಬೈನ್, ಕೊಳವೆ. ನಮ್ಮ ಪಾಲಿನೊಳಗೆ ಸರಿಯಾಗಿ ಕೂತಿತು.

ಹೆಜ್ಜೆ 4: ಚೌಕುಳಿ ಹಾಳೆಯಲ್ಲಿ ಕವಚ

ಹಡಗನ್ನು ಪಕ್ಕದಿಂದ ನೋಡಿದ ಹಾಗೆ ಬರೆಯಿರಿ. ಪೂರ್ತಿ ಹಡಗಿಗೆ ಕವಚ ತೊಡಿಸಲು ಆಗುವುದಿಲ್ಲ. ಯಂತ್ರ ಮತ್ತು ಮದ್ದುಗುಂಡಿನ ಕೋಣೆಗಳಿರುವ ನಡುಭಾಗಕ್ಕೆ ಮಾತ್ರ ಒಂದು ಉಕ್ಕಿನ ಪೆಟ್ಟಿಗೆ. ನಮ್ಮ ಪೆಟ್ಟಿಗೆ 90 ಮೀಟರ್ ಉದ್ದ, 16 ಮೀಟರ್ ಅಗಲ, 4 ಮೀಟರ್ ಎತ್ತರ.

ಎರಡೂ ಪಕ್ಕ ಸೇರಿ 720 ಚದರ ಮೀಟರ್. ದಪ್ಪ 76 ಮಿಲಿಮೀಟರ್, ಅಂದರೆ 3 ಇಂಚು. ಮೇಲೆ ಬರೆದಿಟ್ಟ 7.85ರಿಂದ ಗುಣಿಸಿ. 430 ಟನ್. ಮೇಲಿನ ಡೆಕ್ಕು 1,440 ಚದರ ಮೀಟರ್, 25 ಮಿಲಿಮೀಟರ್ ದಪ್ಪ. 283 ಟನ್. ಹಿಂದೆ ಮುಂದೆ ಎರಡು ಅಡ್ಡಗೋಡೆ, 76 ಟನ್. ಉಳಿದದ್ದನ್ನು ತೋಪಿನ ಗೂಡುಗಳಿಗೂ ಚುಕ್ಕಾಣಿ ಯಂತ್ರಕ್ಕೂ ಕೊಡಿ. 900 ಮುಗಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಪಕ್ಕದ ಕವಚವನ್ನು ಇನ್ನೂ 25 ಮಿಲಿಮೀಟರ್ ದಪ್ಪ ಮಾಡಲು 141 ಟನ್ ಸಾಕು. ಡೆಕ್ಕನ್ನು ಅಷ್ಟೇ ದಪ್ಪ ಮಾಡಲು 283 ಟನ್ ಬೇಕು, ಸರಿಯಾಗಿ ಎರಡರಷ್ಟು. ದೂರದಿಂದ ಬರುವ ಗುಂಡು ಮತ್ತು ವಿಮಾನದ ಬಾಂಬು ಮೇಲಿನಿಂದಲೇ ಬೀಳುತ್ತವೆ. ಆದರೂ ಕ್ರೂಸರ್‌ಗಳ ಡೆಕ್ಕು ತೆಳ್ಳಗಿರುತ್ತಿದ್ದದ್ದು ಏಕೆ ಎನ್ನುವುದಕ್ಕೆ ಉತ್ತರ ಈ ಗುಣಾಕಾರದಲ್ಲಿದೆ.

ಹೆಜ್ಜೆ 5: ಬರೀ ಮೂರು ನಾಟ್ ಜಾಸ್ತಿ ಕೇಳಿ ನೋಡಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ನಿಧಾನವಾಗಿ ಮಾಡಿ.

ನಮ್ಮ ಕಲ್ಪನೆಯ ಮಂತ್ರಿಯೊಬ್ಬರು 36 ನಾಟ್ ಬೇಕೇ ಬೇಕು ಎಂದು ಹಟ ಹಿಡಿದಿದ್ದಾರೆ ಅಂದುಕೊಳ್ಳಿ. ಯಂತ್ರದ ತೂಕ 1,500ರಿಂದ 1,940 ಆಗುತ್ತದೆ. 440 ಟನ್ ಹೋಯಿತು. ದೊಡ್ಡ ಯಂತ್ರಕ್ಕೆ ಉದ್ದದ ಕೋಣೆ ಬೇಕು. 12 ಮೀಟರ್ ಅನ್ನಿ. ಆ 12 ಮೀಟರಿಗೂ ಪಕ್ಕದ ಕವಚ, ಮೇಲಿನ ಡೆಕ್ಕು ತೊಡಿಸಬೇಕಲ್ಲ? ಅದಕ್ಕೆ 95 ಟನ್. ಒಟ್ಟು 535.

ಕೈಗಾವಲಿನ 200 ಟನ್ ಪೂರ್ತಿ ಖಾಲಿ ಮಾಡಿದರೂ 335 ಟನ್ ಸಾಲ ಉಳಿಯುತ್ತದೆ. ತೋಪು ಕಡಿಮೆ ಮಾಡಲು ಮಂತ್ರಿ ಒಪ್ಪುವುದಿಲ್ಲ. ಉಳಿದಿರುವುದು ಪಕ್ಕದ ಕವಚ ಒಂದೇ. ಉದ್ದವಾದ ಪೆಟ್ಟಿಗೆಯಲ್ಲಿ ಅದು 487 ಟನ್ ಇತ್ತು. 335 ಕಳೆದರೆ 152. ಅಷ್ಟನ್ನು 816 ಚದರ ಮೀಟರಿಗೆ ಹರಡಿ. ದಪ್ಪ ಎಷ್ಟು ಬಂತು? 24 ಮಿಲಿಮೀಟರ್. 76 ಇದ್ದದ್ದು 24ಕ್ಕೆ ಇಳಿಯಿತು. ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚೂರುಗಳನ್ನು ತಡೆಯಬಹುದು, 6 ಇಂಚಿನ ಗುಂಡನ್ನಲ್ಲ.

ಈ 24 ಮಿಲಿಮೀಟರ್ ನಿಜವಾದ ಸಮುದ್ರದಲ್ಲೂ ಓಡಿದೆ. ಇಟಲಿಯ ಜುಸ್ಸಾನೊ ವರ್ಗದ ನಾಲ್ಕು ಲೈಟ್ ಕ್ರೂಸರ್‌ಗಳ ಪಕ್ಕದ ಕವಚ ಇಷ್ಟೇ ಇತ್ತು. ಅವುಗಳಲ್ಲಿ ಒಂದಾದ ಅಲ್ಬೆರಿಕೊ ದ ಬಾರ್ಬಿಯಾನೊ ಪರೀಕ್ಷೆಯ ಓಟದಲ್ಲಿ 42 ನಾಟ್ ಮುಟ್ಟಿತ್ತು. ಆದರೆ ಅದು ಹಡಗನ್ನು ಹಗುರ ಮಾಡಿ, ಯಂತ್ರವನ್ನು ಮಿತಿ ಮೀರಿ ದುಡಿಸಿ ತೆಗೆದ ಅಂಕಿ. ಯುದ್ಧಕ್ಕೆ ಹೋಗುವಾಗ ಹಡಗು ಹಾಗೆ ಖಾಲಿ ಇರುವುದಿಲ್ಲ.

1940ರ ಜುಲೈ 19ರಂದು ಕ್ರೀಟ್ ದ್ವೀಪದ ಸ್ಪಾಡಾ ಭೂಶಿರದ ಬಳಿ ಈ ವರ್ಗದ ಎರಡು ಹಡಗುಗಳ ಮೇಲೆ ಆಸ್ಟ್ರೇಲಿಯಾದ ಸಿಡ್ನಿ ಎಂಬ ಲೈಟ್ ಕ್ರೂಸರ್ ಬಿತ್ತು, ಜೊತೆಗೆ ಬ್ರಿಟಿಷ್ ಡಿಸ್ಟ್ರಾಯರ್‌ಗಳು, ಅಂದರೆ ಕ್ರೂಸರಿಗಿಂತ ಚಿಕ್ಕ, ವೇಗದ ಯುದ್ಧನೌಕೆಗಳು. ಕಾಗದದ ಮೇಲೆ ಇಟಲಿಯವರದ್ದು 37 ನಾಟ್, ಸಿಡ್ನಿಯದ್ದು 32.5. ಅವು ತಪ್ಪಿಸಿಕೊಳ್ಳಲೆಂದೇ ತಿರುಗಿ ಓಡಿದವು. ಬಾರ್ತೊಲೊಮಿಯೊ ಕೊಲ್ಲಿಯೊನಿಯ ಯಂತ್ರಭಾಗಕ್ಕೆ ಸಿಡ್ನಿಯ ಗುಂಡು ತಗುಲಿತು, ಹಡಗು ನಿಂತೇಹೋಯಿತು. ಡಿಸ್ಟ್ರಾಯರ್‌ಗಳು ಟಾರ್ಪಿಡೊ ಬಿಟ್ಟು ಮುಳುಗಿಸಿದವು. ಜೊತೆಯ ಹಡಗು ಪಾರಾಯಿತು. ಅದೂ ಪೆಟ್ಟು ತಿಂದೇ. ಯಂತ್ರ ಕಾಯುವ ಕವಚ ಇಲ್ಲದ ಮೇಲೆ ವೇಗ ಉಳಿಯುವುದು ಮೊದಲ ಪೆಟ್ಟಿನ ತನಕ.

ಇಟಲಿಯವರು ಯುದ್ಧಕ್ಕೆ ಮುಂಚೆಯೇ ದಾರಿ ಬದಲಿಸಿದ್ದರು. ಅದೇ ಸಾಲಿನ ಕೊನೆಯ ಗುಂಪಾದ ಅಬ್ರೂಝಿ ಹಡಗುಗಳಲ್ಲಿ ವೇಗವನ್ನು 34 ನಾಟಿಗೆ ಇಳಿಸಿ, ಕವಚವನ್ನು 100 ಮಿಲಿಮೀಟರಿಗೆ ಏರಿಸಿ, ಅದರ ಮುಂದೆ ಇನ್ನೊಂದು 30 ಮಿಲಿಮೀಟರ್ ತಟ್ಟೆ ಇಟ್ಟರು. ಆದರೆ ಹಡಗಿನ ತೂಕ 9,000 ಟನ್ ದಾಟಿತು. ಅದರ ಬೆಲೆಯನ್ನೂ ಯಾರಾದರೂ ಕೊಡಬೇಕು.

ಹೆಜ್ಜೆ 6: ಎಷ್ಟು ಹಡಗು ಬರುತ್ತದೆ?

ಟನ್ ಲೆಕ್ಕದಲ್ಲೇ ಬೆಲೆ ಕಟ್ಟಬೇಡಿ. ಎಲ್ಲ ಟನ್ನಿಗೂ ಒಂದೇ ದರ ಇರುವುದಿಲ್ಲ. ಬರೀ ಒಡಲಿನ ಉಕ್ಕು ಅಗ್ಗ. ಟರ್ಬೈನು, ತೋಪು, ಗುರಿ ಹಿಡಿಯುವ ಉಪಕರಣ ದುಬಾರಿ. ನನ್ನ ಆಟದ ದರ ಹೀಗಿದೆ: ಒಡಲು ಟನ್ನಿಗೆ 1 ಅಂಕ, ಕವಚ ಮತ್ತು ಸಾಮಾನು 2, ಯಂತ್ರ 3, ತೋಪು 4. ನಿಮ್ಮ ದೇಶದಲ್ಲಿ ಟರ್ಬೈನ್ ಕಾರ್ಖಾನೆ ಇಲ್ಲದಿದ್ದರೆ ಯಂತ್ರಕ್ಕೆ 5 ಹಾಕಿ.

33 ನಾಟಿನ ಹಡಗಿಗೆ 13,400 ಅಂಕ. ಹನ್ನೆರಡು ಹಡಗು ಕಟ್ಟುವಷ್ಟು ದುಡ್ಡು, ಅಂದರೆ 1,60,800 ಅಂಕ ಖಜಾನೆಯಲ್ಲಿದೆ ಅಂದುಕೊಳ್ಳಿ. ಅಷ್ಟೇ ದುಡ್ಡಿಗೆ 36 ನಾಟಿನದ್ದು ಹನ್ನೊಂದೇ ಬರುತ್ತವೆ, ಅದೂ 24 ಮಿಲಿಮೀಟರ್ ಕವಚದವು. 30 ನಾಟಿಗೆ ಇಳಿದರೆ ಹದಿಮೂರು. ಹದಿಮೂರು ಬೇಡ, ಹನ್ನೆರಡೇ ಸಾಕು ಎಂದರೆ ಅವಕ್ಕೆ ಡೆಕ್ಕಿನ ಕವಚವನ್ನು 25ರಿಂದ 50 ಮಿಲಿಮೀಟರಿಗೆ ಏರಿಸಬಹುದು. ವಿಮಾನಗಳು ಜಾಸ್ತಿ ಇರುವ ಸಮುದ್ರವಾದರೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ.

ಹಡಗನ್ನೇ ಚಿಕ್ಕದು ಮಾಡಿದರೆ ಅಗ್ಗವಾಗುವುದಿಲ್ಲವೇ ಎನ್ನಬಹುದು. ಆಗುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಬ್ರಿಟನ್ ತನಗೆ 70 ಕ್ರೂಸರ್ ಬೇಕು ಎನ್ನುತ್ತಿತ್ತು, 1930ರಲ್ಲಿ 50ಕ್ಕೆ ಒಪ್ಪಿತು. ಸಂಖ್ಯೆ ತುಂಬಿಸಲು ಅರೆಥೂಸ ವರ್ಗದ ನಾಲ್ಕು ಸಣ್ಣ ಹಡಗು ಕಟ್ಟಿತು. 5,220 ಟನ್, ಆರು ತೋಪು. ತೂಕದಲ್ಲಿ ಲಿಯಾಂಡರಿನ ಮುಕ್ಕಾಲು ಪಾಲು. ಆದರೆ ಹೆಚ್ಚುಕಡಿಮೆ ಅದೇ ವೇಗಕ್ಕೆ 64,000 ಅಶ್ವಶಕ್ತಿ ಬೇಕಾಯಿತು, ಲಿಯಾಂಡರಿನ ನೂರಕ್ಕೆ 89 ಪಾಲು. ತೋಪು ಹೋಯಿತು, ದುಬಾರಿ ಯಂತ್ರ ಹಾಗೇ ಉಳಿಯಿತು.

ಹೆಜ್ಜೆ 7: ಭಾರ ಎಲ್ಲಿದೆ, ಎಷ್ಟು ಉಳಿದಿದೆ

ಟನ್ ಲೆಕ್ಕ ಸರಿಯಾದರೆ ಸಾಲದು. ಭಾರ ಮೇಲುಗಡೆ ಸೇರಿದರೆ ಹಡಗು ಮಗುಚುತ್ತದೆ. ಜಪಾನಿನ ಟೊಮೊಝುರು ಎಂಬ ಚಿಕ್ಕ ಟಾರ್ಪಿಡೊ ಹಡಗು 1934ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕು ಮಗುಚಿತು. ಅದರ ಗಾತ್ರಕ್ಕೆ ಮೇಲಿನ ಆಯುಧ ಅತಿಯಾಗಿತ್ತು. ಆ ನಂತರ ಹದಿನೈದು ತೋಪಿನ ಮೊಗಾಮಿ ಕ್ರೂಸರ್‌ಗಳನ್ನೂ ತಿದ್ದಬೇಕಾಯಿತು. ಹಾಗಾಗಿ ನೀರಿನ ಮಟ್ಟಕ್ಕಿಂತ ತುಂಬಾ ಮೇಲಿರುವ ಪ್ರತಿ ಟನ್ನಿನ ಪಕ್ಕ ಕೆಂಪು ಗುರುತು ಹಾಕಿ. ಕೆಂಪು ಜಾಸ್ತಿ ಕಂಡರೆ ತೋಪಿನ ಒಂದು ಗೂಡು ಇಳಿಸಿ, ಇಲ್ಲವೇ ಹಡಗಿನ ಅಗಲ ಹೆಚ್ಚಿಸಿ. ಅಗಲ ಹೆಚ್ಚಿಸಿದರೆ ಡೆಕ್ಕಿನ ಕವಚ ಮತ್ತೆ ಲೆಕ್ಕ ಹಾಕಬೇಕು.

ಕೊನೆಗೆ ಕೈಗಾವಲಿನ 200 ಟನ್. ಹಡಗು ಹತ್ತಿಪ್ಪತ್ತು ವರ್ಷ ಬದುಕುತ್ತದೆ. ಅಷ್ಟರಲ್ಲಿ ರೇಡಾರ್ ಬರುತ್ತದೆ, ವಿಮಾನ ಹೊಡೆಯುವ ತೋಪುಗಳು ಬರುತ್ತವೆ, ಅವನ್ನು ನಡೆಸುವ ಜನ ಬರುತ್ತಾರೆ. ಬ್ರಿಟಿಷರ ಫಿಜಿ ವರ್ಗವನ್ನು 1936ರ ಒಪ್ಪಂದದ 8,000 ಟನ್ ಮಿತಿಯೊಳಗೆ ಹನ್ನೆರಡು 6 ಇಂಚಿನ ತೋಪು ತುರುಕಿ ಕಟ್ಟಿದ್ದರು. ಯುದ್ಧದಲ್ಲಿ ವಿಮಾನನಿರೋಧಕ ತೋಪುಗಳಿಗೆ ಜಾಗ, ತೂಕ ಎರಡೂ ಸಾಲದೆ ಹಲವು ಹಡಗುಗಳಿಂದ ಮೂರು ತೋಪಿನ ಒಂದು ಗೂಡನ್ನೇ ಕಿತ್ತರು. ಆ ವರ್ಗದ ನೈಜೀರಿಯಾ 1957ರಲ್ಲಿ ಭಾರತದ ನೌಕಾಪಡೆಗೆ ಐಎನ್‌ಎಸ್ ಮೈಸೂರು ಆಗಿ ಬಂದಾಗ ಅದರ ಮೇಲಿದ್ದದ್ದು ಒಂಬತ್ತೇ ತೋಪು.