ಕಾಗದ ಬಿಡಿ, ಪ್ಲೇಟ್ ಮುಟ್ಟಿಸಿ: ಕ್ಯಾಂಡಲ್‌ನಲ್ಲಿ ಒಂದೇ ಬಟನ್‌ಗೆ ಝಡ್ ಸೊನ್ನೆ

ಸಣ್ಣ 3018 ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮಷಿನ್) ಇಟ್ಟುಕೊಂಡು ನೇಮ್‌ಬೋರ್ಡ್ ಕೆತ್ತುವವರಿಗೆ ಝಡ್ ಸೊನ್ನೆ, ಅಂದರೆ ಕೆತ್ತುವ ಬಿಟ್‌ನ ತುದಿ ಹಲಗೆಗೆ ತಾಗುವ ಎತ್ತರ, ಹಿಡಿಯೋದೇ ದೊಡ್ಡ ಕಿರಿಕಿರಿ. ಹಲಗೆ ಮೇಲೆ ಕಾಗದ ಇಡು, ಬಿಟ್ ಅನ್ನು ಸ್ವಲ್ಪ ಸ್ವಲ್ಪ ಇಳಿಸು, ಕಾಗದ ಎಳೆದು ನೋಡು, ಬಿಗಿಯಾಯ್ತಾ ಇಲ್ವಾ ಅಂತ ಊಹೆ ಮಾಡು. ನಾನು ಎಳೆದರೆ ಒಂದು ಸೊನ್ನೆ, ಅಪ್ಪ ಎಳೆದರೆ ಇನ್ನೊಂದು. ಅವರದು ಉಳಿ ಹಿಡಿದು ಗಟ್ಟಿಯಾದ ಕೈ, ಕಾಗದ ಹರಿದರೂ ಗೊತ್ತಾಗಲ್ಲ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ವಿ-ಬಿಟ್ (ಇಂಗ್ಲಿಷ್ ವಿ ಆಕಾರದ ಮೊನೆಯ ಬಿಟ್) ಬಳಸುವವರು ಕೆಡಿಸಿಕೊಳ್ಳಲೇಬೇಕು. 90 ಡಿಗ್ರಿ ಬಿಟ್‌ನಲ್ಲಿ ಆಳ 0.1 ಮಿಮೀ ಹೆಚ್ಚಾದರೆ ಗೆರೆಯ ಅಗಲ 0.2 ಮಿಮೀ ಹೆಚ್ಚಾಗುತ್ತದೆ. ಇಂಗ್ಲಿಷಿನ ನೆಟ್ಟನೆ ಅಕ್ಷರಗಳಲ್ಲಿ ಇದು ಕಾಣಿಸದೇ ಹೋಗಬಹುದು. ಕನ್ನಡದಲ್ಲಿ ಹಾಗಲ್ಲ. ಒತ್ತಕ್ಷರದ ಪುಟ್ಟ ಸುರುಳಿ ಮುಚ್ಚಿಹೋಗುತ್ತದೆ. ಸೊನ್ನೆ ಮೇಲಾಗಿ ಆಳ ಕಡಿಮೆಯಾದರೆ ಇನ್ನೂ ಕಷ್ಟ, 'ಧ'ದ ಹೊಟ್ಟೆ ಸೀಳೋದೇ ಇಲ್ಲ. ಧನಲಕ್ಷ್ಮಿ ನಿಲಯ ಅಂತ ಆರ್ಡರ್ ಕೊಟ್ಟವರ ಮನೆ ಬಾಗಿಲಿಗೆ ದನಲಕ್ಷ್ಮಿ ಹೋಗಿ ಕೂರುತ್ತಾಳೆ.

ಹಾಗಾಗಿ ಟಚ್ ಪ್ಲೇಟ್. ಉಪಾಯ ಸರಳ: ದಪ್ಪ ಗೊತ್ತಿರುವ ಒಂದು ಲೋಹದ ತುಂಡು ಹಲಗೆ ಮೇಲೆ ಇಡುವುದು, ಬಿಟ್ ಅದಕ್ಕೆ ತಾಗಿದ ಕೂಡಲೇ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಮಷಿನ್ ನಿಲ್ಲುತ್ತದೆ, ದಪ್ಪ ಕಳೆದು ಸೊನ್ನೆ ಲೆಕ್ಕ ಹಾಕಿಕೊಳ್ಳುತ್ತದೆ. ಈ ಮಷಿನ್‌ಗಳ ಬೋರ್ಡಿನಲ್ಲಿ ಓಡುವುದು ಜಿಆರ್‌ಬಿಎಲ್, 2009ರಲ್ಲಿ ಶುರುವಾದ ಓಪನ್ ಸೋರ್ಸ್ ಫರ್ಮ್‌ವೇರ್. ಪ್ರೋಬ್ ಮಾಡುವ, ಅಂದರೆ ಹೀಗೆ ಮುಟ್ಟಿ ಅಳೆಯುವ ಶಕ್ತಿ ಅದರೊಳಗೇ ಇದೆ. ನಾವು ಎರಡು ವೈರು ಎಳೆದು, ಕಂಪ್ಯೂಟರಿನಿಂದ ಮಷಿನ್‌ಗೆ ಕಮಾಂಡ್ ಕಳಿಸುವ ಕ್ಯಾಂಡಲ್ ಸಾಫ್ಟ್‌ವೇರ್‌ಗೆ ನಾಲ್ಕು ಮಾತು ಹೇಳಿಕೊಟ್ಟರೆ ಸಾಕು. ಈಸೆಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಇನ್ನೂ ಸುಲಭ, ಮಷಿನ್ ಸೆಟಪ್‌ನಲ್ಲೇ ಪ್ರೋಬ್ ಇದೆ. ಅವರು ವೈರಿಂಗ್ ಭಾಗ ಓದಿಕೊಂಡು ಪ್ಲೇಟ್ ದಪ್ಪ ತುಂಬಿದರೆ ಆಯ್ತು.

ಮೊದಲು ಪ್ಲೇಟ್

ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ತುಂಡು ಕೇಳಿದರೆ ಸುಮ್ನೆ ಕೊಡುತ್ತಾರೆ. ಆದರೆ ಅಲ್ಲಿನ ಸೆಕ್ಷನ್‌ಗಳಿಗೆ ಆನೊಡೈಸಿಂಗ್ ಅಥವಾ ಪೌಡರ್ ಕೋಟಿಂಗ್ ಇರುತ್ತದೆ. ನೋಡಲು ಲೋಹ, ಕರೆಂಟ್ ಮಾತ್ರ ಹರಿಯುವುದಿಲ್ಲ. ಎಮರಿ ಪೇಪರ್ ಹಿಡಿದು ಹೊಳಪು ಬರುವವರೆಗೆ ಉಜ್ಜಿ, ಮಲ್ಟಿಮೀಟರ್‌ನ ಎರಡು ಕಡ್ಡಿ ಇಟ್ಟು ಬೀಪ್ ಕೇಳಿಸಿಕೊಳ್ಳಿ. ಉಜ್ಜಿ ಆದ ಮೇಲೆ ವರ್ನಿಯರ್‌ನಲ್ಲಿ ದಪ್ಪ ಅಳೆಯಿರಿ, ಉಜ್ಜುವ ಮುಂಚೆ ಅಲ್ಲ. ನಾಲ್ಕು ಮೂಲೆ, ಒಂದು ನಡು. ಐದೂ ಅಳತೆ ಒಂದೇ ಬರಬೇಕು. ನನ್ನ ಪ್ಲೇಟ್ 9.94 ಮಿಮೀ. ಕೆಳಗಿನ ಕಮಾಂಡ್‌ನಲ್ಲಿ ಕಾಣುವ ಅಂಕಿ ಅದೇ, ನೀವು ನಿಮ್ಮದನ್ನು ಹಾಕಿಕೊಳ್ಳಿ.

ತೆಳ್ಳಗಿನ ತಗಡು ಬೇಡ. ಬಿಟ್ ಒತ್ತಿದಾಗ ಬಾಗುತ್ತದೆ.

ವೈರಿಂಗ್

ಬೋರ್ಡಿನ ಮೇಲೆ ಪ್ರೋಬ್ ಅಂತಲೋ, ಎ5 ಅಂತಲೋ ಬರೆದ ಎರಡು ಪಿನ್ ಇರುತ್ತದೆ. ಒಂದು ಸಿಗ್ನಲ್, ಇನ್ನೊಂದು ಗ್ರೌಂಡ್. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಮೀಟರ್ ಹಿಡಿಯಿರಿ: ಗ್ರೌಂಡ್‌ಗೆ ಹೋಲಿಸಿದರೆ ಸಿಗ್ನಲ್ ಪಿನ್‌ನಲ್ಲಿ ಸುಮಾರು 5 ವೋಲ್ಟ್ ತೋರಿಸಬೇಕು. 24 ವೋಲ್ಟ್ ತೋರಿಸಿದರೆ ನೀವು ಸ್ಪಿಂಡಲ್‌ನದೋ (ಬಿಟ್ ತಿರುಗಿಸುವ ಮೋಟಾರ್) ಫ್ಯಾನ್‌ನದೋ ಸಾಕೆಟ್ ಹಿಡಿದಿದ್ದೀರಿ, ಕೈ ತೆಗೆಯಿರಿ.

ಸಿಗ್ನಲ್ ವೈರು ಪ್ಲೇಟ್‌ಗೆ. ಗ್ರೌಂಡ್ ವೈರಿನ ತುದಿಗೆ ಮೊಸಳೆ ಕ್ಲಿಪ್ ಹಾಕಿ, ಅದನ್ನು ಬಿಟ್‌ನ ಕಾಂಡಕ್ಕೆ ಕಚ್ಚಿಸುವುದು. ಈ ಎರಡನ್ನು ಅದಲುಬದಲು ಮಾಡಬೇಡಿ. ಸ್ಪಿಂಡಲ್‌ನ ಬೇರಿಂಗ್ ಮೂಲಕ ಬಿಟ್ ಎಲ್ಲೋ ಫ್ರೇಮಿಗೆ ತಾಗಿರಬಹುದು, ಫ್ರೇಮ್ ಗ್ರೌಂಡ್ ಆಗಿರಬಹುದು. ಆಗ ಸಿಗ್ನಲ್ ಅನ್ನು ಬಿಟ್‌ಗೆ ಕೊಟ್ಟರೆ ಏನೂ ಮುಟ್ಟದೆಯೇ ಮುಟ್ಟಿದಂತೆ ತೋರಿಸುತ್ತದೆ. ಬೇರಿಂಗ್ ಇದೆಯಲ್ಲ, ಕ್ಲಿಪ್ ಯಾಕೆ ಅಂತ ಬಿಡುವುದೂ ಬೇಡ. ಅದರೊಳಗೆ ಗ್ರೀಸ್ ಇರುತ್ತದೆ, ಒಮ್ಮೆ ಕರೆಂಟ್ ಹರಿಯುತ್ತದೆ, ಒಮ್ಮೆ ಇಲ್ಲ.

ಎರಡೂ ವೈರನ್ನು ಒಂದಕ್ಕೊಂದು ಹೊಸೆದು, ಸ್ಪಿಂಡಲ್ ವೈರಿನಿಂದ ದೂರ ಎಳೆಯಿರಿ. ಸುಳ್ಳು ಸಿಗ್ನಲ್ ಬರುತ್ತಿದ್ದರೆ ಬೋರ್ಡಿನ ಹತ್ತಿರ ಎರಡು ವೈರಿನ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಕ್ಯಾಂಡಲ್‌ಗೆ ಹೇಳಿಕೊಡುವುದು

ಸರ್ವಿಸ್ ಮೆನುವಿನಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ಝಡ್-ಪ್ರೋಬ್ ಕಮಾಂಡ್ಸ್ ಎಂಬ ಡಬ್ಬಿ ಇದೆ. ಅಲ್ಲಿರುವುದನ್ನು ಅಳಿಸಿ ಇದನ್ನು ಬರೆಯಿರಿ. ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಅದೇ ಉಚ್ಚಾರದ ಇಂಗ್ಲಿಷ್ ದೊಡ್ಡಕ್ಷರ ಟೈಪ್ ಮಾಡಿ. ಮಷಿನ್‌ಗೆ ಕನ್ನಡ ಬರಲ್ಲ.

ಎಂ5; ಜಿ21; ಜಿ91; ಜಿ38.2 ಝಡ್-10 ಎಫ್100; ಜಿ0 ಝಡ್1; ಜಿ38.2 ಝಡ್-2 ಎಫ್20; ಜಿ92 ಝಡ್9.94; ಜಿ0 ಝಡ್5; ಜಿ90

ನಡುವಿನ ಸೆಮಿಕೋಲನ್ ಬಿಡಬೇಡಿ, ಒಂದು ಕಮಾಂಡ್ ಎಲ್ಲಿ ಮುಗಿಯಿತೆಂದು ಕ್ಯಾಂಡಲ್ ಅದರಿಂದಲೇ ತಿಳಿಯುತ್ತದೆ. ಎಂ5 ಸ್ಪಿಂಡಲ್ ನಿಲ್ಲಿಸುತ್ತದೆ, ಜಿ21 ಮಿಲಿಮೀಟರ್, ಜಿ91 ಎಂದರೆ ಈಗಿರುವ ಜಾಗದಿಂದ ಲೆಕ್ಕ. ಜಿ38.2 ಎಂದರೆ ತಾಗುವವರೆಗೆ ಇಳಿ, ತಾಗಿದರೆ ನಿಲ್ಲು, 10 ಮಿಮೀ ಇಳಿದರೂ ತಾಗದಿದ್ದರೆ ಅಲಾರಂ ಕೊಡು. ಎಫ್ ಎಂದರೆ ನಿಮಿಷಕ್ಕೆ ಎಷ್ಟು ಮಿಮೀ ವೇಗ, ಜಿ0 ಎಂದರೆ ಅಷ್ಟು ಸರಿ, ಜಿ92 ಎಂದರೆ ಈಗ ನಿಂತ ಜಾಗವನ್ನು ಈ ಅಂಕಿ ಅಂತ ಲೆಕ್ಕ ಇಟ್ಟುಕೋ, ಜಿ90 ಎಂದರೆ ಮತ್ತೆ ಸೊನ್ನೆಯಿಂದ ಲೆಕ್ಕ.

ಎರಡು ಸಲ ಯಾಕೆ ಮುಟ್ಟಿಸಬೇಕು? ಮಷಿನ್ ತಾಗಿದ ಕ್ಷಣಕ್ಕೇ ಗಕ್ಕನೆ ನಿಲ್ಲುವುದಿಲ್ಲ, ವೇಗ ಇಳಿಸಿಕೊಂಡು ನಿಲ್ಲುತ್ತದೆ. ನಾವು ಸೊನ್ನೆ ಕೊಡುವುದು ಅದು ನಿಂತ ಜಾಗಕ್ಕೆ, ತಾಗಿದ ಜಾಗಕ್ಕಲ್ಲ. ಝಡ್‌ನ ಆಕ್ಸಿಲರೇಷನ್ ಜಿಆರ್‌ಬಿಎಲ್‌ನ ಮೂಲ ಸೆಟ್ಟಿಂಗ್‌ನಂತೆ ಸೆಕೆಂಡ್ ಸ್ಕ್ವೇರ್‌ಗೆ 10 ಮಿಮೀ ಇದ್ದರೆ, ನಿಮಿಷಕ್ಕೆ 100 ಮಿಮೀ ವೇಗದಲ್ಲಿ ಹೋದದ್ದು ಸುಮಾರು 0.14 ಮಿಮೀ ಮುಂದೆ ಹೋಗಿ ನಿಲ್ಲುತ್ತದೆ. ಅದೇ 20 ಮಿಮೀ ವೇಗದಲ್ಲಿ 0.006 ಮಿಮೀ ಕೂಡ ಆಗಲ್ಲ. ಮೊದಲ ಸಲ ಜಾಗ ಹುಡುಕಲು, ಎರಡನೇ ಸಲ ಅಳೆಯಲು. ಬರೀ ಮೊದಲನೆಯದನ್ನೇ ನಂಬಿದರೆ ಅಕ್ಷರದ ಗೆರೆ ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ದಪ್ಪಗಾಗುತ್ತದೆ. ಕಾಗದವೇ ವಾಸಿ.

ಜಿ92 ಬದಲು ಜಿ10 ಎಲ್20 ಎಂಬ ಕಮಾಂಡ್ ಬಳಸಿ ಅಂತ ಹೇಳುವವರು ಬಹಳ ಜನ. ಅದು ಸೊನ್ನೆಯನ್ನು ಬೋರ್ಡಿನ ಕಾಯಂ ನೆನಪಿನಲ್ಲಿ ಬರೆಯುತ್ತದೆ, ನಿಜ. ಆದರೆ ಲಿಮಿಟ್ ಸ್ವಿಚ್ (ಅಂಚು ತಲುಪಿದ್ದನ್ನು ತಿಳಿಸುವ ಸ್ವಿಚ್) ಇಲ್ಲದ 3018ನಲ್ಲಿ ಕರೆಂಟ್ ಹೋಗಿ ಬಂದರೆ ತಾನೆಲ್ಲಿದ್ದೇನೆ ಎಂದು ಮಷಿನ್‌ಗೇ ಗೊತ್ತಿರಲ್ಲ. ಆಗ ನೆನಪು ಇದ್ದು ಏನು ಪ್ರಯೋಜನ? ಕ್ಯಾಂಡಲ್‌ನ 1.1 ಕಾಲದ ಆವೃತ್ತಿಗಳಲ್ಲಿ ಸೊನ್ನೆ ಬಟನ್‌ಗಳೂ ಜಿ92 ಅನ್ನೇ ಕಳಿಸುತ್ತವೆ. ಎರಡನ್ನೂ ಬೆರೆಸಿದರೆ ರಿಸೆಟ್ ಒತ್ತಿದಾಗ ಅರ್ಧ ಲೆಕ್ಕ ಅಳಿದು ಅರ್ಧ ಉಳಿಯುತ್ತದೆ. ಕ್ಯಾಂಡಲ್ ಬದಲು ಯೂನಿವರ್ಸಲ್ ಜಿಕೋಡ್ ಸೆಂಡರ್ ಸಾಫ್ಟ್‌ವೇರ್ ಬಳಸುವವರಾದರೆ ಉಲ್ಟಾ, ಅಲ್ಲಿ ಜಿ10 ಎಲ್20 ಸರಿ.

ಮೊದಲು ವೈರು ಬದುಕಿದೆಯಾ ನೋಡಿ

ಇದನ್ನು ಮಾತ್ರ ಹಾರಿಸಿಕೊಂಡು ಹೋಗಬೇಡಿ. ಈ ಸರ್ಕ್ಯೂಟ್ ತಾಗಿದಾಗ ಮಾತ್ರ ಕೂಡುವಂಥದ್ದು. ವೈರು ತುಂಡಾಗಿದ್ದರೂ, ಕ್ಲಿಪ್ ಹಾಕದಿದ್ದರೂ ಮಷಿನ್‌ಗೆ ಕಾಣುವುದು ಒಂದೇ: ಇನ್ನೂ ತಾಗಿಲ್ಲ. ಇಳಿಯುತ್ತಲೇ ಇರುತ್ತದೆ. ವಿ-ಬಿಟ್‌ನ ಮೊನೆ ಹೋಯ್ತು ಅಂತಲೇ ಲೆಕ್ಕ.

ಅಪ್ಪನಿಗೆ ಈ ಕಮಾಂಡ್‌ಗಳ ಜಿ-ಕೋಡ್ ಬೇಕಿಲ್ಲ, ಆದರೆ ಬಟನ್ ಒತ್ತೋ ಮುಂಚೆ "ವೈರು ಬದುಕಿದೆಯೇನಮ್ಮ?" ಅಂತ ಕೇಳುತ್ತಾರೆ. ನೋಡುವ ದಾರಿ ಹೀಗೆ. ಬೆಳಗ್ಗೆ ಮಷಿನ್ ಆನ್ ಮಾಡಿದ ಮೇಲೆ, ಎಕ್ಸ್ ವೈ ಸೊನ್ನೆ (ಹಲಗೆ ಮೇಲೆ ಕೆತ್ತನೆಯ ಲೆಕ್ಕ ಶುರುವಾಗುವ ಜಾಗ) ಹಿಡಿಯುವುದಕ್ಕೂ ಮೊದಲು, ಬಿಟ್ ಅನ್ನು ಮೇಲೆತ್ತಿ. ಕ್ಲಿಪ್ ಹಾಕಿ. ಪ್ಲೇಟನ್ನು ಕೈಯಲ್ಲಿ ಹಿಡಿದು ಬಿಟ್‌ಗೆ ತಾಗಿಸಿಕೊಂಡೇ ಪ್ರೋಬ್ ಬಟನ್ ಒತ್ತಿ. ಮಷಿನ್ ಒಂದಿಂಚೂ ಅಲ್ಲಾಡದೆ ಅಲಾರಂ 4 ತೋರಿಸಬೇಕು. ಶುರುವಾಗುವ ಮೊದಲೇ ತಾಗಿದೆಯಲ್ಲ ಅನ್ನುವ ತಕರಾರು ಅದು, ನಮಗೆ ಬೇಕಾದ್ದೂ ಅದೇ. ಅಲಾರಂ ಬರದೆ ಇಳಿಯಲು ಶುರುಮಾಡಿದರೆ ಪ್ಲೇಟ್ ತೆಗೆದು ಸ್ಟಾಪ್ ಒತ್ತಿ, ವೈರು ನೋಡಿ.

ಅಲಾರಂ ಬಂದ ಮೇಲೆ ಬರೀ ಅನ್‌ಲಾಕ್ ಒತ್ತಿ ಮುಂದೆ ಹೋಗಬೇಡಿ. ನಮ್ಮ ಸಾಲಿನ ಕೊನೆಯ ಜಿ90 ಓಡಿರುವುದಿಲ್ಲ, ಮಷಿನ್ ಇನ್ನೂ ಜಿ91ರಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ಜಿ90 ಇಲ್ಲದ ಫೈಲ್ ಓಡಿಸಿದರೆ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಮೊದಲು ರಿಸೆಟ್, ಆಮೇಲೆ ಅನ್‌ಲಾಕ್. ರಿಸೆಟ್ ಮಾಡಿದರೆ ಜಿ92 ಸೊನ್ನೆಗಳು ಅಳಿಯುತ್ತವೆ, ಅದಕ್ಕೇ ಎಕ್ಸ್ ವೈ ಹಿಡಿಯುವ ಮುಂಚೆಯೇ ಈ ಪರೀಕ್ಷೆ ಮುಗಿಸಿ ಎಂದದ್ದು.

ದಿನದ ಬಳಕೆ

ಹಲಗೆ ಮೇಲಿನ ಹೊಟ್ಟು ಒರೆಸಿ ಪ್ಲೇಟ್ ಇಡಿ. ಕೆಳಗೆ ಒಂದು ಚೂರು ಸಿಕ್ಕಿಕೊಂಡರೂ ಸೊನ್ನೆ ಮೇಲೆ ಹೋಗುತ್ತದೆ. ಬಿಟ್ ಪ್ಲೇಟ್‌ಗಿಂತ ಸುಮಾರು 5 ಮಿಮೀ ಮೇಲಿರಲಿ, ಸ್ಪಿಂಡಲ್ ಪೂರ್ತಿ ನಿಂತಿರಲಿ. ಎಂ5 ಕೊಟ್ಟರೂ ಅದು ಸ್ವಲ್ಪ ಹೊತ್ತು ಸುತ್ತುತ್ತದೆ. ಒಂದು ಕೈ ಸ್ಟಾಪ್ ಮೇಲಿಟ್ಟು ಬಟನ್ ಒತ್ತಿ. ಕೆತ್ತುವುದು ಅಲ್ಯೂಮಿನಿಯಂ ಆದರೆ ಪ್ಲೇಟ್ ಕೆಳಗೆ ಟೇಪ್ ಅಂಟಿಸಿ, ಟೇಪ್ ಸೇರಿಸಿಯೇ ದಪ್ಪ ಅಳೆಯಿರಿ. ಇಲ್ಲದಿದ್ದರೆ ಪ್ಲೇಟ್ ಫ್ರೇಮಿಗೇ ತಾಗಿದಂತಾಗಿ ಅಲಾರಂ 4 ಬರುತ್ತಲೇ ಇರುತ್ತದೆ.

ಆದ ಮೇಲೆ ಕ್ಲಿಪ್ ತೆಗೆಯಿರಿ. ಮರೆತು ಸ್ಪಿಂಡಲ್ ಆನ್ ಮಾಡಿದರೆ ವೈರು ಬಿಟ್‌ಗೆ ಸುತ್ತಿಕೊಂಡು ಕಿತ್ತು ಬರುತ್ತದೆ. ನಾನು ಕ್ಲಿಪ್‌ಗೆ ಒಂದು ಕೆಂಪು ರಿಬ್ಬನ್ ಕಟ್ಟಿದ್ದೇನೆ. ಪ್ಲೇಟ್ ಮತ್ತು ಕ್ಲಿಪ್‌ಗೆ ಗೋಡೆಯಲ್ಲಿ ಒಂದೇ ಮೊಳೆ. ಮೊಳೆ ಖಾಲಿ ಇದ್ದರೆ ಸ್ಪಿಂಡಲ್ ಮುಟ್ಟುವಂತಿಲ್ಲ, ಇದು ಶೆಡ್ಡಿನ ಕಾನೂನು.

ಪ್ಲೇಟ್‌ಗೆ ಗೊತ್ತಿರುವುದು ತಾನು ಕೂತ ಜಾಗದ ಎತ್ತರ ಮಾತ್ರ. ಸಾಗುವಾನಿ ಹಲಗೆ ನಡುವೆ ಬಾಗಿದ್ದರೆ ಮೂಲೆಯ ಸೊನ್ನೆ ನಡುವಿಗೆ ಹೊಂದುವುದಿಲ್ಲ. ಹಲಗೆಯನ್ನು ಮೊದಲು ಮಟ್ಟ ಮಾಡಿಕೊಳ್ಳಿ, ಆಗದಿದ್ದರೆ ಒತ್ತಕ್ಷರ ಜಾಸ್ತಿ ಇರುವ ಜಾಗದ ಹತ್ತಿರ ಪ್ಲೇಟ್ ಇಡಿ.

ಎರಡು ಬಿಟ್ ಬೇಕಾಗುವ ಬೋರ್ಡಿನಲ್ಲಿ ಈ ಬಟನ್ ನಿಜಕ್ಕೂ ಉಪಕಾರಕ್ಕೆ ಬರುತ್ತದೆ. ಹಿನ್ನೆಲೆ ತೆಗೆದ ಮೇಲೆ ವಿ-ಬಿಟ್ ಹಾಕಿ, ಅದೇ ಬಟನ್ ಒತ್ತಿದರೆ ಝಡ್ ಮಾತ್ರ ಬದಲಾಗುತ್ತದೆ, ಎಕ್ಸ್ ವೈ ಇದ್ದಂತೆಯೇ ಇರುತ್ತದೆ. ಆದರೆ ಪ್ಲೇಟ್ ಇಡಲು ಮೊದಲಿನ ಎತ್ತರದ ಜಾಗ ಉಳಿದಿರಬೇಕಲ್ವಾ? ಡಿಸೈನ್ ಮಾಡುವಾಗಲೇ ಪ್ಲೇಟ್ ಕೂರುವಷ್ಟು ಅಗಲದ ಒಂದು ಮೂಲೆಯನ್ನು ಕೆತ್ತದೆ ಬಿಟ್ಟಿರಿ. ಕೆಲಸ ಮುಗಿದ ಮೇಲೆ ಆ ತುಂಡನ್ನು ಗರಗಸದಲ್ಲಿ ಕತ್ತರಿಸಿದರೆ ಆಯ್ತು.