ಗೋಡೆಗೆ ಮುಖ ಮಾಡಿ ಕಲಿಸಿದ ಸೆಲ್ಯೂಟ್

ನಾನು ಮಕ್ಕಳನ್ನು ಗೋಡೆಗೆ ಮುಖ ಮಾಡಿಸಿ ಸೆಲ್ಯೂಟ್ ಕಲಿಸತೊಡಗಿದ ಮೊದಲ ದಿನವೇ ಶಾಲೆಯ ದೈಹಿಕ ಶಿಕ್ಷಕರು ಬಂದು, "ಹವಾಲ್ದಾರ್ರೇ, ಇವರೇನು ತಪ್ಪು ಮಾಡಿದ್ರು ಅಂತ ಹೀಗೆ ನಿಲ್ಸಿದ್ದೀರಿ?" ಎಂದು ಕೇಳಿದರು. ಮರುದಿನ ಒಬ್ಬ ಹುಡುಗಿಯ ತಾಯಿ ಮುಖ್ಯೋಪಾಧ್ಯಾಯರಿಗೆ ದೂರನ್ನೇ ಕೊಟ್ಟರು. ಅದೇ ಮೂವತ್ತು ಮೂವತ್ತೆರಡು ಮಕ್ಕಳು ಕಳೆದ ಗಣರಾಜ್ಯೋತ್ಸವದಂದು ಹಾಸನದ ಕ್ರೀಡಾಂಗಣದಲ್ಲಿ, ರಾಷ್ಟ್ರಗೀತೆಯ 52 ಸೆಕೆಂಡೂ ಒಬ್ಬರ ಮೊಣಕೈಯೂ ಜಾರದಂತೆ ಧ್ವಜವಂದನೆ ಮಾಡಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಕೈ ಏರುವಾಗ ದೂರದ ದಾರಿ, ಇಳಿಯುವಾಗ ಹತ್ತಿರದ ದಾರಿ, ಅಂದರೆ ಪಕ್ಕದಿಂದ ಸುತ್ತಿ ಏರಬೇಕು, ನೇರವಾಗಿ ಇಳಿಯಬೇಕು ಎಂಬುದು ಡ್ರಿಲ್ ಕಲಿಸುವವರಿಗೆಲ್ಲ ಗೊತ್ತು. ಮಕ್ಕಳಾದರೋ ಮುಖದ ಮೇಲಿನ ನೊಣ ಓಡಿಸುವವರಂತೆ ಕೈಯನ್ನು ಎದುರಿನಿಂದಲೇ ಎತ್ತುತ್ತಾರೆ. ಮೊದಲ ವರ್ಷ ಮಣಿಕಟ್ಟು ಬಾಗದಿರಲೆಂದು ಮರದ ಸ್ಕೇಲುಗಳನ್ನು ಮುಂಗೈಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಸಿದೆ. ಕಟ್ಟಿರುವಷ್ಟು ಹೊತ್ತು ನೆಟ್ಟಗಿದ್ದ ಕೈ, ಬಿಚ್ಚಿದ ಮರುಗಳಿಗೆಯೇ ಬಾಳೆ ಎಲೆಯಂತೆ ಬಾಗಿತು. ಮರುವರ್ಷ ಪಿಂಚಣಿಯ ಹಣದಲ್ಲಿ, ಸುಮಾರು 3,000 ರೂಪಾಯಿಗೆ, ಎರಡು ದೊಡ್ಡ ಕನ್ನಡಿ ತಂದೆ. ಹುಡುಗರು ಕೈ ನೋಡಿಕೊಳ್ಳಲಿಲ್ಲ, ಕ್ರಾಪು ನೋಡಿಕೊಂಡರು. ಒಂದು ಕನ್ನಡಿ ಎರಡನೆಯ ವಾರದಲ್ಲೇ ಒಡೆಯಿತು.

ಗೋಡೆಗೆ ಖರ್ಚಿಲ್ಲ. ಬೂಟಿನ ತುದಿಗೂ ಗೋಡೆಗೂ ನಡುವೆ ಒಂದು ಗೇಣು ಬಿಟ್ಟು ನಿಲ್ಲಿಸಿದರೆ, ಎದುರಿನಿಂದ ಎತ್ತಿದ ಕೈಯ ಗೆಣ್ಣು ಗೋಡೆಗೆ ತಾಗುತ್ತದೆ. ಪಕ್ಕದಿಂದ ಎತ್ತಿದ ಕೈ ತಾಗದೆ ಹುಬ್ಬಿನ ಬಳಿ ಬಂದು ನಿಲ್ಲುತ್ತದೆ. ನಾಲ್ಕೈದು ದಿನ ಗೆಣ್ಣು ತರಚಿಸಿಕೊಂಡ ಮೇಲೆ ನಾನು ಬಾಯಿ ತೆರೆಯುವ ಅಗತ್ಯವೇ ಉಳಿಯಲಿಲ್ಲ. ಇಳಿಸುವುದನ್ನು ಕಲಿಸಲು ಈ ನಿಲುವು ಆಗದು. ಆಗ ಬಲಪಕ್ಕವನ್ನು ಗೋಡೆಯ ಕಡೆಗೆ ತಿರುಗಿಸಿ, ಎತ್ತಿದ ಮೊಣಕೈ ಗೋಡೆಗೆ ಸೋಕುವಂತೆ ನಿಲ್ಲಿಸುತ್ತೇನೆ. ಕೈಯನ್ನು ಹೊರಗೆ ಬೀಸಿ ಇಳಿಸಿದವನಿಗೆ ಗೋಡೆಯ ಪೆಟ್ಟು ಬೀಳುತ್ತದೆ. ಒಟ್ಟು ಹತ್ತು ಹನ್ನೆರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಸ್ಕೌಟ್ಸ್‌ನಿಂದ ಬಂದ ಮಕ್ಕಳಿಗೆ ಮಾತ್ರ ಹೆಚ್ಚು ದಿನ ಬೇಕು, ಏಕೆಂದರೆ ಮೂರು ಬೆರಳಿನ ಸ್ಕೌಟ್ ಸೆಲ್ಯೂಟಿನ ಅಭ್ಯಾಸದಿಂದ ಅವರ ಕಿರುಬೆರಳು ತಾನಾಗಿಯೇ ಹೆಬ್ಬೆರಳಿನ ಕೆಳಗೆ ಮಡಚಿಕೊಳ್ಳುತ್ತದೆ. ಬೆರಳುಗಳು ಕೂಡಿಕೊಂಡಿರಲೆಂದು ಅವುಗಳ ನಡುವೆ ನಾನು ಏನನ್ನು ಇಡಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ದುಡ್ಡು ಕೊಟ್ಟು ತರುವ ವಸ್ತುವಲ್ಲ ಎಂದಷ್ಟೇ ಹೇಳಬಲ್ಲೆ.

ಟಿವಿಯಲ್ಲಿ ಕರ್ತವ್ಯ ಪಥದ ಪಥಸಂಚಲನ ನೋಡಿದ ಇಬ್ಬರು ಹುಡುಗರು ಮೂರೂ ಪಡೆಗಳ ಸೆಲ್ಯೂಟ್ ಕಲಿಸಿ ಎಂದು ಹಟ ಹಿಡಿದರು. ಭೂಸೇನೆಯ ಅಂಗೈ ಎದುರಿಗೆ ಕಾಣುತ್ತದೆ. ಹಗ್ಗ, ಡಾಂಬರು ಮುಟ್ಟಿದ ಅಂಗೈಯನ್ನು ಅಧಿಕಾರಿಗೆ ತೋರಿಸಬಾರದೆಂಬ ಹಳೆಯ ವಾಡಿಕೆಯಿಂದ, ಎಂದು ಹೇಳುತ್ತಾರೆ, ನೌಕಾಪಡೆಯ ಅಂಗೈ ನೆಲದ ಕಡೆಗಿರುತ್ತದೆ. ವಾಯುಪಡೆ 2006ರಿಂದ 45 ಡಿಗ್ರಿ ಓರೆಯನ್ನು ಇಟ್ಟುಕೊಂಡಿದೆ. ಒಂದು ಶನಿವಾರ ಮೂರನ್ನೂ ಮಾಡಿಸಿದೆ. ಸೋಮವಾರ ಅರ್ಧ ತಂಡ ಯಾವ ಪಡೆಯದೂ ಅಲ್ಲದ ಸೆಲ್ಯೂಟ್ ಹೊಡೆಯಿತು. ಅದನ್ನು ಸರಿಪಡಿಸಲು ಮತ್ತೆ ಮೂರು ದಿನ ಗೋಡೆಗೇ ಹೋಗಬೇಕಾಯಿತು.

ಹೆಚ್ಚು ಹಣ ಹೋದದ್ದು ಬೆರೆಟ್‌ಗೆ, ಅಂದರೆ ಸೈನಿಕರು ಓರೆಯಾಗಿ ಹಾಕುವ ಮೆತ್ತನೆಯ ಟೋಪಿಗೆ. ತಲಾ 120 ರೂಪಾಯಿಯಂತೆ ತಂದ ಟೋಪಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ತಲೆಯ ಮೇಲೆಯೇ ಆಕಾರಕ್ಕೆ ತಂದಿದ್ದೆವು; ಆಗಸ್ಟ್ 15ರ ಜಿಟಿಜಿಟಿ ಮಳೆಗೆ ಅವುಗಳಲ್ಲಿ ಹತ್ತು ಕುಗ್ಗಿಹೋದವು. ಆ ದಿನ ಟೋಪಿ ಕುಗ್ಗಿ ಬರಿತಲೆಯಲ್ಲಿದ್ದ ಒಬ್ಬ ಹುಡುಗ, ಅತಿಥಿಗಳು ಎದುರಿಗೆ ಬಂದಾಗ ಸೆಲ್ಯೂಟ್ ಮಾಡದೆ ಸಾವಧಾನ್ ಭಂಗಿಯಲ್ಲಿ ನಿಂತು "ಜೈ ಹಿಂದ್ ಸರ್" ಎಂದನು. ಹುಡುಗನಿಗೆ ಮರ್ಯಾದೆ ಗೊತ್ತಿಲ್ಲವೆಂದು ಶಿಕ್ಷಕರೊಬ್ಬರು ಗದರಿಸಿದರು. ನಮ್ಮ ಸೇನೆಯಲ್ಲಿ ಬರಿತಲೆಯಲ್ಲಿ ಸೆಲ್ಯೂಟ್ ಮಾಡುವ ಪದ್ಧತಿಯಿಲ್ಲ ಎಂದು ನಾನೇ ಹೋಗಿ ವಿವರಿಸಬೇಕಾಯಿತು. ಅಷ್ಟೂ ಜನರಲ್ಲಿ ನಿಯಮ ನೆನಪಿದ್ದದ್ದು ಆ ಹುಡುಗನೊಬ್ಬನಿಗೇ.

ದೈಹಿಕ ಶಿಕ್ಷಕರು ಈಗ ಎಂಟನೆಯ ತರಗತಿಯವರನ್ನು ತಾವೇ ಗೋಡೆಯ ಬಳಿಗೆ ಕರೆದೊಯ್ಯುತ್ತಾರೆ. ಎದೆಯೆತ್ತರದಿಂದ ಹುಬ್ಬಿನೆತ್ತರದವರೆಗೆ ಗೆಣ್ಣುಗಳು ಉಜ್ಜಿದ ಕಪ್ಪು ಕಲೆ ಗೋಡೆಯುದ್ದಕ್ಕೂ ಸಾಲುಗಟ್ಟಿದೆ. ಸುಣ್ಣ ಹೊಡೆಸಲು 700 ರೂಪಾಯಿ ಆಗುತ್ತದಂತೆ. ಅದನ್ನು ಕೊಡಬೇಕಾದವನು ನಾನೇ ಎಂದು ಶಾಲೆಯವರು ತೀರ್ಮಾನಿಸಿದ್ದಾರೆ.